ಕುಕ್ಕೆಯ ಮಡೆಸ್ನಾನ: ಎಲೆಯ ಜಗಳದಲ್ಲಿ ಮರೆತುಹೋದ ಪಂಕ್ತಿ

ಕುಕ್ಕೆ ಸುಬ್ರಹ್ಮಣ್ಯದ ಚಂಪಾಷಷ್ಠಿ ಜಾತ್ರೆಯನ್ನು ಹತ್ತು ಹದಿನೈದು ವರ್ಷಗಳ ಹಿಂದೆ ಟಿವಿಯಲ್ಲಿ ನೋಡಿದವರಿಗೆ ಎರಡು ದೃಶ್ಯ ನೆನಪಿರುತ್ತವೆ. ಒಂದು ಬ್ರಹ್ಮರಥ. ಇನ್ನೊಂದು, ಉಂಡು ಬಿಟ್ಟ ಬಾಳೆಲೆಗಳ ಮೇಲೆ ಉರುಳುವ ಜನ. ಆ ಎರಡನೆಯದೇ ಮಡೆಸ್ನಾನ. ಮಡೆ ಅಂದರೆ ತುಳುವಿನಲ್ಲಿ ಎಂಜಲು. ಈ ಒಂದು ಹರಕೆಯ ಸುತ್ತ ಸುಮಾರು ಹತ್ತು ವರ್ಷ ಜಗಳ ನಡೆಯಿತು. ಜಿಲ್ಲಾಡಳಿತ, ಎರಡು ಪಕ್ಷಗಳ ಸರ್ಕಾರ, ಹೈಕೋರ್ಟ್, ಸುಪ್ರೀಂ ಕೋರ್ಟ್, ಸ್ವಾಮೀಜಿಗಳು, ಚಳವಳಿಗಾರರು, ಆದಿವಾಸಿಗಳು, ಎಲ್ಲರೂ ಬಂದುಹೋದರು. ಕೊನೆಗೆ ಕಾನೂನೂ ಬಂತು.

ನನ್ನ ತಕರಾರು ಒಂದೇ. ಇಷ್ಟು ವರ್ಷವೂ ಎಲ್ಲರ ಕಣ್ಣು ಎಲೆಯ ಮೇಲೆ, ಎಲೆಯ ಮೇಲೆ ಉರುಳುವವರ ಮೇಲೆ ಇತ್ತು. ಆ ಎಲೆಯ ಮುಂದೆ ಕೂತು ಉಂಡವರು ಯಾರು, ಅವರೇ ಯಾಕೆ ಅಂತ ಕೇಳಿದವರು ಕಡಿಮೆ. ಕೇಳಿದವರಿಗೆ ಉತ್ತರ ಕೊಟ್ಟವರು ಇನ್ನೂ ಕಡಿಮೆ.

ಮೊದಲು ಸೇವೆ ನಡೆಯುತ್ತಿದ್ದ ರೀತಿ ಹೇಳಿಬಿಡುತ್ತೇನೆ. ಮಾರ್ಗಶಿರ ಶುದ್ಧ ಚೌತಿ, ಪಂಚಮಿ, ಷಷ್ಠಿ, ಹೀಗೆ ಮೂರು ದಿನ. ಮಧ್ಯಾಹ್ನದ ಮಹಾಪೂಜೆ ಆದ ಮೇಲೆ ದೇವಸ್ಥಾನದ ಹೊರಾಂಗಣದಲ್ಲಿ ಬ್ರಾಹ್ಮಣರಿಗೆ ಊಟ. ಪೌಳಿಯ ಉದ್ದಕ್ಕೂ ಬಾಳೆಲೆ ಸಾಲು. ಹರಕೆ ಹೊತ್ತವರು ಮಿಂದು ಒದ್ದೆ ಬಟ್ಟೆಯಲ್ಲೇ ಕಾಯುತ್ತಾರೆ. ಉಂಡವರು ಎದ್ದು ಕೈ ತೊಳೆಯಲು ಹೋದರೂ ಎಲೆ ಎತ್ತುವುದಿಲ್ಲ. ಆಗ ಗಂಡಸರು, ಹೆಂಗಸರು ಮಲಗಿ, ಕೈಯನ್ನು ತಲೆಯ ಮೇಲಕ್ಕೆ ಚಾಚಿ ಜೋಡಿಸಿ, ಎಲೆಯಿಂದ ಎಲೆಗೆ ಉರುಳುತ್ತಾ ಹೋಗುತ್ತಾರೆ. ಅನ್ನದ ಅಗುಳು ಬೆನ್ನಿಗೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಎಲೆ ಹರಿದು ಪಂಚೆಗೆ, ಸೀರೆಗೆ ಅಂಟುತ್ತದೆ. ಸುತ್ತು ಮುಗಿದ ಮೇಲೆ ಮತ್ತೆ ಸ್ನಾನ. ಚರ್ಮರೋಗ ವಾಸಿಯಾಗುತ್ತದೆ, ಮಕ್ಕಳಾಗುತ್ತವೆ, ನಾಗದೋಷ ಹೋಗುತ್ತದೆ ಅನ್ನುವುದು ನಂಬಿಕೆ.

ಕುಮಾರಧಾರೆಯಿಂದ ದೇವಸ್ಥಾನದವರೆಗೆ ರಸ್ತೆಯಲ್ಲೇ ಉರುಳಿಕೊಂಡು ಬರುವ ಬೀದಿ ಮಡೆಸ್ನಾನ ಅಂತ ಇನ್ನೊಂದಿದೆ. ಅದರಲ್ಲಿ ಎಂಜಲೆಲೆ ಇಲ್ಲ. ಮೈ ತರಚುವ ಕಷ್ಟ ಅದರಲ್ಲೇ ಜಾಸ್ತಿ. ಆದರೆ ಅದರ ಮೇಲೆ ಯಾರೂ ಅಷ್ಟಾಗಿ ಕೋರ್ಟಿಗೆ ಹೋಗಲಿಲ್ಲ. ಅಂದರೆ ತೊಂದರೆ ಇದ್ದದ್ದು ಉರುಳುವುದರಲ್ಲಿ ಅಲ್ಲ, ಅಲ್ವಾ?

ಸೇವೆಯ ಪರ ಇದ್ದವರು ಯಾವಾಗಲೂ ಹೇಳುತ್ತಿದ್ದ ಮಾತು ಇದು: "ದಲಿತರು, ಹಿಂದುಳಿದವರು ಮಾತ್ರ ಉರುಳುತ್ತಾರೆ ಅನ್ನುವುದು ಸುಳ್ಳು. ಬ್ರಾಹ್ಮಣರೂ ಉರುಳುತ್ತಾರೆ. ಯಾರೂ ಒತ್ತಾಯ ಮಾಡುವುದಿಲ್ಲ." ಈ ಮಾತು ನಿಜವೇ. ಓದಿದವರು, ಕೆಲಸದಲ್ಲಿರುವವರು, ದೂರದ ಊರಿಂದ ಬಂದವರು, ಎಲ್ಲ ಜಾತಿಯವರೂ ಉರುಳುವವರಲ್ಲಿ ಇದ್ದರು. ಆದರೆ ಉರುಳುವ ಕಡೆ ಎಲ್ಲ ಜಾತಿ ಇದ್ದರೂ ಉಣ್ಣುವ ಕಡೆ ಒಂದೇ ಜಾತಿ ಇತ್ತು. ಕಾಡಿನ ಆದಿವಾಸಿ ಮಲೆಕುಡಿಯನೊಬ್ಬ ಉಂಡ ಎಲೆಯ ಮೇಲೆ ಬ್ರಾಹ್ಮಣ ಉರುಳಿದ್ದನ್ನು ಯಾರೂ ಹರಕೆ ಅಂತ ಒಪ್ಪುತ್ತಿರಲಿಲ್ಲ. ಇಡೀ ಪ್ರಕರಣದ ಗಂಟು ಇರುವುದು ಇಲ್ಲಿ.

ಇನ್ನೊಂದು ಸಂಗತಿ. ಕುಕ್ಕೆ ಖಾಸಗಿ ಮಠವಲ್ಲ, ಮುಜರಾಯಿ ದೇವಸ್ಥಾನ. ಆದಾಯದಲ್ಲಿ ರಾಜ್ಯದ ಮುಜರಾಯಿ ದೇವಸ್ಥಾನಗಳಿಗೆಲ್ಲ ಮುಂದೆ. ಸರ್ಪಸಂಸ್ಕಾರ, ಆಶ್ಲೇಷಾ ಬಲಿ ಮಾಡಿಸಲು ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಇದರ ಕಾರ್ಯನಿರ್ವಹಣಾಧಿಕಾರಿ ಸರ್ಕಾರಿ ಅಧಿಕಾರಿ. ಹಾಗಾಗಿ "ಧರ್ಮದ ವಿಷಯದಲ್ಲಿ ಸರ್ಕಾರ ಕೈ ಹಾಕಬಾರದು" ಅಂತ ಇಲ್ಲಿ ಹೇಳುವುದು ಸ್ವಲ್ಪ ವಿಚಿತ್ರ. ಸರ್ಕಾರ ಹೊರಗಿಂದ ಬಂದು ಕೈ ಹಾಕಬೇಕಾಗಿರಲಿಲ್ಲ. ಮೊದಲೇ ಒಳಗಿತ್ತು, ಹುಂಡಿಯ ಲೆಕ್ಕ ಅದೇ ಬರೆಯುತ್ತಿತ್ತು.

2010ರ ಹೊತ್ತಿಗೆ ವಿರೋಧ ಜೋರಾಯಿತು. ಒಮ್ಮೆ ನಿಷೇಧವೂ ಬಂತು. 2011ರಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ವಾಪಸ್ ತೆಗೆಸಿದ್ದು ಮೇಲ್ಜಾತಿಯವರ ಚಳವಳಿ ಅಂದುಕೊಂಡರೆ ತಪ್ಪು. ಮುಂದೆ ನಿಂತವರು ಮಲೆಕುಡಿಯರು.

ಮಲೆಕುಡಿಯರು ಪಶ್ಚಿಮ ಘಟ್ಟದ ತಪ್ಪಲಿನ ಪರಿಶಿಷ್ಟ ಪಂಗಡ. ಕುಕ್ಕೆಯ ಬ್ರಹ್ಮರಥಕ್ಕೆ ಕಾಡಿನಿಂದ ಬೆತ್ತ, ಬಿದಿರು ತಂದು ರಥ ಕಟ್ಟುವ ಹಕ್ಕು ಅವರದು. ದೇವರು ಸಿಕ್ಕ ಕತೆಯಲ್ಲೂ ಅವರಿಗೆ ಜಾಗ ಇದೆ. ಮಡೆಸ್ನಾನ ನಮ್ಮ ಹಿರಿಯರ ಹರಕೆ, ಅದನ್ನು ನಿಲ್ಲಿಸಿದರೆ ರಥದ ಕೆಲಸಕ್ಕೂ ಬರುವುದಿಲ್ಲ ಅನ್ನುವ ಮಾತು ಅವರ ಕಡೆಯಿಂದ ಬಂದಾಗ ಆಡಳಿತ ಹಿಂದೆ ಸರಿಯಿತು. ಮಲೆಕುಡಿಯರು ಕಟ್ಟದೆ ರಥ ಹೊರಡುವುದಿಲ್ಲ.

ಪಟ್ಟಣದಲ್ಲಿ ಕೂತು ಬರೆಯುವ ನಮ್ಮಂಥವರಿಗೆ ನುಂಗಲು ಕಷ್ಟವಾಗುವ ಸಂಗತಿ ಇದು. ಯಾರ ಮರ್ಯಾದೆ ಉಳಿಸಬೇಕು ಅಂತ ಹೊರಟಿದ್ದೇವೋ ಅವರೇ ಎದುರು ನಿಂತರೆ? "ಅವರಿಗೆ ಗೊತ್ತಾಗುವುದಿಲ್ಲ, ಯಾರೋ ಹೇಳಿಕೊಟ್ಟಿದ್ದಾರೆ" ಅಂದುಬಿಡುವುದು ಸುಲಭ. ಆದರೆ ಅವರ ಕಡೆಯಿಂದ ನೋಡಿ. ಭೂಮಿಯಲ್ಲಿ, ಕಾಡಿನಲ್ಲಿ, ಸರ್ಕಾರಿ ಕಚೇರಿಯಲ್ಲಿ ಅವರ ಮಾತು ನಡೆಯುವುದು ಅಪರೂಪ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗೆ ಮನೆ ಇರುವವರಿಗೆ ಒಕ್ಕಲೇಳಿಸುವ ಭಯ ಬೇರೆ. ಅವರ ಮಾತಿಗೆ ಬೆಲೆ ಇರುವ ಒಂದು ಜಾಗ ಈ ಜಾತ್ರೆ. ಅಲ್ಲಿ ತಮ್ಮದು ಅಂತ ಇರುವ ಯಾವುದನ್ನು ತೆಗೆದರೂ ಇಡೀ ಜಾಗವೇ ಹೋಗುತ್ತದೆ ಅನ್ನಿಸಿರಬಹುದು. ಇದು ಮಡೆಸ್ನಾನಕ್ಕೆ ಸಮರ್ಥನೆ ಅಲ್ಲ. ಆದರೆ ಈ ಲೆಕ್ಕ ಬಿಟ್ಟು ಸುಮ್ನೆ ಮೌಢ್ಯ ಅಂದರೆ ಪ್ರಕರಣ ಅರ್ಥವಾಗುವುದಿಲ್ಲ.

ಅದೇ 2011ರ ಜಾತ್ರೆಯಲ್ಲಿ ವಿರೋಧಿಸಲು ಹೋಗಿದ್ದ ಹಿಂದುಳಿದ ವರ್ಗಗಳ ಜಾಗೃತ ವೇದಿಕೆಯ ಕೆ.ಎಸ್. ಶಿವರಾಮು ಅವರ ಮೇಲೆ ಹಲ್ಲೆಯಾಯಿತು. ಕ್ಯಾಮೆರಾಗಳ ಎದುರೇ ಹೊಡೆದರು. ಅಲ್ಲಿಯವರೆಗೆ ಕರಾವಳಿಯ ಸುದ್ದಿಯಾಗಿದ್ದದ್ದು ಅವತ್ತು ರಾಜ್ಯದ ಸುದ್ದಿಯಾಯಿತು. ನಿಡುಮಾಮಿಡಿ ಮಠದ ವೀರಭದ್ರ ಚನ್ನಮಲ್ಲ ಸ್ವಾಮೀಜಿ, ಎಡಪಕ್ಷಗಳು, ದಲಿತ ಸಂಘಟನೆಗಳು ಬೀದಿಗಿಳಿದರು. ಎದುರುಗಡೆಯಿಂದ "ನಮ್ಮ ನಂಬಿಕೆ, ನಮ್ಮ ಇಷ್ಟ" ಅನ್ನುವ ಉತ್ತರ.

ಹಳೆಯ ಚಂದ್ರಗುತ್ತಿ ನೆನಪಾಗುತ್ತದೆ. 1986ರಲ್ಲಿ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯಲು ಹೋದ ಕಾರ್ಯಕರ್ತರನ್ನು, ಪೊಲೀಸರನ್ನು ಜನ ಹೊಡೆದು, ಬಟ್ಟೆ ಬಿಚ್ಚಿ ಓಡಿಸಿದ್ದರು. ಆಮೇಲೆ ಆಯೋಗ, ಆಮೇಲೆ ನಿಷೇಧ. ಅಲ್ಲಿ ಸರ್ಕಾರಕ್ಕೆ ಹೆಚ್ಚು ಯೋಚನೆ ಬೇಕಾಗಲಿಲ್ಲ. ಕುಕ್ಕೆಯಲ್ಲಿ ಸರ್ಕಾರ ನಡುದಾರಿ ಹುಡುಕಿತು.

ಆ ನಡುದಾರಿಯ ಹೆಸರು ಎಡೆಸ್ನಾನ. ವಿಷಯ ಹೈಕೋರ್ಟಿಗೆ ಹೋದಾಗ ಸರ್ಕಾರವೇ ಈ ಸಲಹೆ ಇಟ್ಟಿತು. ಯಾರೂ ಉಂಡ ಎಲೆ ಬೇಡ. ದೇವರಿಗೆ ಇಟ್ಟ ನೈವೇದ್ಯವನ್ನು ಬಾಳೆಲೆಗೆ ಹಾಕಿ, ಅದರ ಮೇಲೆ ಯಾವ ಜಾತಿಯವರು ಬೇಕಾದರೂ ಉರುಳಲಿ. 2012ರ ನವೆಂಬರ್‌ನಲ್ಲಿ ಹೈಕೋರ್ಟ್ ಇದಕ್ಕೆ ಒಪ್ಪಿತು. ಮುಂದಿನ ತಿಂಗಳೇ ಆದಿವಾಸಿ ಬುಡಕಟ್ಟು ಹಿತರಕ್ಷಣಾ ವೇದಿಕೆ ಸುಪ್ರೀಂ ಕೋರ್ಟಿಗೆ ಹೋಯಿತು, ಹೈಕೋರ್ಟ್ ಆದೇಶಕ್ಕೆ ತಡೆ ಬಂತು. ಆ ವರ್ಷ ಹಳೆಯ ರೀತಿಯಲ್ಲೇ ಸೇವೆ ನಡೆಯಿತು. 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಮಡೆಸ್ನಾನಕ್ಕೇ ತಡೆ ಕೊಟ್ಟಿತು. ಒಂದೇ ಕೋರ್ಟು, ಎರಡು ವರ್ಷದಲ್ಲಿ ಎರಡು ದಿಕ್ಕಿನ ತಡೆಯಾಜ್ಞೆ. ಭಕ್ತರಿಗಿರಲಿ, ದೇವಸ್ಥಾನದ ಆಫೀಸಿನವರಿಗೂ ಈ ಸಲ ಏನು ಅಂತ ಜಾತ್ರೆ ಹತ್ತಿರ ಬಂದಾಗಲೇ ಗೊತ್ತಾಗುತ್ತಿತ್ತು.

ಕೋರ್ಟುಗಳು ಯಾಕೆ ಹೀಗೆ ತಡವರಿಸುತ್ತವೆ ಅನ್ನುವುದಕ್ಕೆ ಹಿಂದಿನ ಕತೆ ಇದೆ. ಆ ಕತೆಯೂ ಇದೇ ಕರಾವಳಿಯದು.

ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಆಗಿನ ಸ್ವಾಮೀಜಿ ಲಕ್ಷ್ಮೀಂದ್ರ ತೀರ್ಥರು ಪರ್ಯಾಯದ ಖರ್ಚಿನಿಂದ ಸಾಲದಲ್ಲಿ ಸಿಕ್ಕಿಕೊಂಡರು. ಪರ್ಯಾಯ ಅಂದರೆ ಗೊತ್ತಲ್ಲ, ಕೃಷ್ಣ ಮಠದ ಪೂಜೆಯ ಸರದಿ, ಎರಡು ವರ್ಷ ಊರಿಗೆಲ್ಲ ಅನ್ನ ಹಾಕಬೇಕು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸಿನ ಧಾರ್ಮಿಕ ದತ್ತಿ ಇಲಾಖೆ ಮಠದ ಆಡಳಿತಕ್ಕೆ ಕೈ ಹಾಕಿತು. ಸ್ವಾಮೀಜಿ ಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಧರ್ಮದ ಅತ್ಯಗತ್ಯ ಆಚರಣೆ ಯಾವುದು ಅನ್ನುವುದನ್ನು ಆ ಧರ್ಮದ ಸಿದ್ಧಾಂತದಿಂದಲೇ ತಿಳಿಯಬೇಕು, ಅದಕ್ಕೆ ಸರ್ಕಾರ ಕೈ ಹಾಕುವಂತಿಲ್ಲ, ಹಣಕಾಸಿನಂಥ ಲೌಕಿಕ ವಿಷಯಕ್ಕೆ ಕಾನೂನು ಮಾಡಬಹುದು ಅಂದಿತು. ಆಮೇಲೆ ದೇಶದಲ್ಲಿ ಯಾವ ಧರ್ಮದ ಯಾವ ವ್ಯಾಜ್ಯ ಬಂದರೂ ಮೊದಲು ಎದ್ದು ನಿಲ್ಲುವುದು ಶಿರೂರು ಮಠದ ಪ್ರಕರಣ. ಹಿಜಾಬ್ ವಿಚಾರದಲ್ಲಿ 2022ರಲ್ಲಿ ಕರ್ನಾಟಕ ಹೈಕೋರ್ಟ್ ಕೇಳಿಕೊಂಡದ್ದೂ ಇದೇ ಪ್ರಶ್ನೆ: ಇದು ಅತ್ಯಗತ್ಯ ಆಚರಣೆಯೇ, ಅಲ್ಲವೇ?

ಈ ಅಳತೆಗೋಲು ಹಿಡಿದರೆ ನ್ಯಾಯಾಧೀಶರು ಪುರೋಹಿತರ ಕೆಲಸ ಮಾಡಬೇಕಾಗುತ್ತದೆ. ಮಡೆಸ್ನಾನದಲ್ಲಂತೂ ಇದು ಏನೂ ಉಪಯೋಗಕ್ಕೆ ಬರಲಿಲ್ಲ. ಶಾಸ್ತ್ರದಲ್ಲಿ ಇದೆಯೇ ಅಂತ ಹುಡುಕಿದರೆ ಸಿಗುವುದಿಲ್ಲ. ಇದು ಧರ್ಮಕ್ಕೆ ಅಗತ್ಯವಲ್ಲ ಅಂತ ಪೇಜಾವರ ಮಠದ ವಿಶ್ವೇಶ ತೀರ್ಥರೇ ಒಪ್ಪಿಕೊಂಡಿದ್ದರು. ಆದರೆ ಮಲೆಕುಡಿಯರ ಹರಕೆಗೆ ಶಾಸ್ತ್ರದ ಪುಸ್ತಕದಲ್ಲಿ ಯಾಕೆ ಸಾಕ್ಷಿ ಬೇಕು? ಅದು ಬಾಯಿಂದ ಬಾಯಿಗೆ ಬಂದದ್ದು. ಅತ್ಯಗತ್ಯ ಅಂತ ತೀರ್ಮಾನವಾಗಿದ್ದರೆ ಎಂಜಲಿನ ಮೇಲೆ ಉರುಳುವುದು ಸರಿ ಅಂತ ಆಗಿಬಿಡುತ್ತಿತ್ತೇ? ಎರಡು ಕಡೆಯಿಂದಲೂ ಈ ಪ್ರಶ್ನೆ ಮೂಲ ವಿಷಯವನ್ನು ಮುಟ್ಟುವುದಿಲ್ಲ.

ಮೂಲ ವಿಷಯಕ್ಕೆ ಹತ್ತಿರ ಬರುವ ತೀರ್ಪು ಇನ್ನೊಂದಿದೆ. ಅದು ಮೂಲ್ಕಿಯದು. ಅಲ್ಲಿನ ವೆಂಕಟರಮಣ ದೇವಸ್ಥಾನ ಗೌಡ ಸಾರಸ್ವತ ಬ್ರಾಹ್ಮಣರದು. ಮದ್ರಾಸಿನ ದೇವಸ್ಥಾನ ಪ್ರವೇಶ ಕಾನೂನು ಬಂದಾಗ ನಮ್ಮ ಪಂಗಡದ ದೇವಸ್ಥಾನಕ್ಕೆ ಇದು ಅನ್ವಯವಾಗುವುದಿಲ್ಲ ಅಂತ ಅವರು ವಾದಿಸಿದರು. 1957ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಪಂಗಡದ ಹಕ್ಕು ನಿಜ, ಆದರೆ ಎಲ್ಲ ಹಿಂದೂಗಳಿಗೆ ಬಾಗಿಲು ತೆರೆಯುವ ಕಾನೂನು ಅದಕ್ಕಿಂತ ಮೇಲೆ ಅಂದಿತು. ಅಷ್ಟಕ್ಕೇ ನಿಲ್ಲಿಸದೆ, ಕೆಲವು ವಿಶೇಷ ಸೇವೆಗಳ ಹೊತ್ತಿನಲ್ಲಿ ಆ ಪಂಗಡದವರು ಮಾತ್ರ ಇರಬಹುದು ಅಂತ ಒಂದು ಸಂದು ಬಿಟ್ಟಿತು. ಎಲ್ಲರೂ ಬನ್ನಿ, ಕೆಲವು ಹೊತ್ತು ಬಿಟ್ಟು. ಇದು ಬರೀ ಮೂಲ್ಕಿಯ ಮಾತಲ್ಲ. ನಮ್ಮ ದೇವಸ್ಥಾನಗಳು ಇವತ್ತಿಗೂ ನಡೆಯುವ ಕ್ರಮವೇ ಇದು. ದರ್ಶನಕ್ಕೆ ಜಾತಿ ಕೇಳುವುದಿಲ್ಲ. ಊಟಕ್ಕೆ ಕೂತಾಗ ಗೊತ್ತಾಗುತ್ತದೆ.

ಎಡೆಸ್ನಾನ ಹೇಗೆ ನಡೆಯಿತು ಅಂತ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಹೊರಾಂಗಣದಲ್ಲಿ ಹಿಂದಿನಂತೆಯೇ ಎಲೆ ಹಾಕಿದರು. ನೈವೇದ್ಯ ಬಡಿಸಿದರು. ದನಗಳನ್ನು ಕರೆತಂದು ಎಲೆಗಳಿಗೆ ಬಾಯಿ ಹಾಕಿಸಿದರು. ದನ ತಿಂದು ಉಳಿದ ಎಲೆಯ ಮೇಲೆ ಭಕ್ತರು ಉರುಳಿದರು. ಹಳೆಯ ಸೇವೆಯಲ್ಲಿದ್ದ ಎಲ್ಲವೂ ಇಲ್ಲಿವೆ: ಪೌಳಿ, ಸಾಲು, ಒದ್ದೆ ಬಟ್ಟೆ, ಉರುಳು, ಎಂಜಲು ಕೂಡ. ಬದಲಾಗಿದ್ದು ಉಣ್ಣುವವರು ಮಾತ್ರ. ಬ್ರಾಹ್ಮಣರ ಜಾಗಕ್ಕೆ ದನ ಬಂತು.

ನನಗೆ ಇದು ಜಾಣ ಉಪಾಯ ಅನ್ನಿಸುತ್ತದೆ, ಬೈಗುಳದ ಅರ್ಥದಲ್ಲಿ ಅಲ್ಲ. ಹರಕೆ ಹೊತ್ತವನಿಗೆ ಹರಕೆ ತೀರಿತು. ಗೋವು ಉಂಡ ಎಲೆ, ದೇವರ ಪ್ರಸಾದ, ಅದರಲ್ಲಿ ಅವಮಾನ ಎಲ್ಲಿದೆ ಅಂತ ಸರ್ಕಾರ ಕೇಳಬಹುದಿತ್ತು. ಕೋರ್ಟಿಗೂ ಸಮಾಧಾನ. ಆದರೆ ಬ್ರಾಹ್ಮಣರ ಪಂಕ್ತಿ ಪೌಳಿಯಿಂದ ಎದ್ದು ಒಳಗೆ ಹೋಯಿತೇ ಹೊರತು ಇಲ್ಲವಾಗಲಿಲ್ಲ. ಹಿಂದೆ ಎಲ್ಲರ ಕಣ್ಣೆದುರು ಇದ್ದದ್ದಕ್ಕೆ ಟಿವಿ ಕ್ಯಾಮೆರಾ ಬರುತ್ತಿತ್ತು. ಒಳಗಿನ ಊಟದ ಕೋಣೆಗೆ ಯಾವ ಕ್ಯಾಮೆರಾ ಬರುತ್ತದೆ?

ಇದೇ ಜಿಲ್ಲೆಯಲ್ಲಿ ಎಂಜಲಿನ ಇನ್ನೊಂದು ಪದ್ಧತಿಗೆ ಕಾನೂನು ಬೇರೆಯೇ ರೀತಿ ಉತ್ತರ ಕೊಟ್ಟಿತ್ತು. ಕರಾವಳಿಯ ಆದಿವಾಸಿಗಳಾದ ಕೊರಗರ ಅಜಲು ಪದ್ಧತಿ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮೊದಲು ಅವರನ್ನು ಕೋಣಗಳ ಹಾಗೆ ಓಡಿಸುವುದು. ಮನೆಯವರ ರೋಗ, ಕಷ್ಟ ಕೊರಗರ ಮೈಗೆ ಹೋಗಲಿ ಅನ್ನುವ ನಂಬಿಕೆ. 2000ದಲ್ಲಿ ರಾಜ್ಯ ಇದನ್ನು ನಿಷೇಧಿಸಿ ಪ್ರತ್ಯೇಕ ಕಾನೂನು ಮಾಡಿತು. ಆ ಕಾನೂನಿನ ಭಾಷೆ ನೋಡಿ. ಅದು ಮೂಢನಂಬಿಕೆಯ ಮಾತೆತ್ತಿ ಹೊರಡುವುದಿಲ್ಲ. ಕೊರಗರಿಗೂ ಬೇರೆಯವರಿಗೂ ಭೇದ ಮಾಡುವುದು, ಕೂಲಿ ಕೊಡದೆ ಅಥವಾ ಕಡಿಮೆ ಕೊಟ್ಟು ದುಡಿಸುವುದು ಕೂಡ ಅಜಲೇ ಅನ್ನುತ್ತದೆ. ಯಾರು ಯಾರಿಗೆ ಏನು ಮಾಡುತ್ತಾರೆ ಅಂತ ನೇರವಾಗಿ ಹೇಳುತ್ತದೆ. ಕೊರಗರ ಸಂಘಟನೆಗಳೇ ಇದಕ್ಕಾಗಿ ಹೋರಾಡಿದ್ದವು, ಅದೂ ಕಾರಣ ಇರಬೇಕು.

ಮಡೆಸ್ನಾನಕ್ಕೆ ಬಂದ ಕಾನೂನು ಹಾಗಲ್ಲ. ಮಹಾರಾಷ್ಟ್ರದಲ್ಲಿ ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಲ್ಕರ್ ಕೊಲೆ 2013ರ ಆಗಸ್ಟ್‌ನಲ್ಲಿ. ಆ ವರ್ಷವೇ ಅಲ್ಲಿ ಮಾಟಮಂತ್ರ ವಿರೋಧಿ ಕಾನೂನು ಬಂತು. ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರ ಕೊಲೆ 2015ರ ಆಗಸ್ಟ್ 30ರಂದು. ಕರ್ನಾಟಕದ ಮಸೂದೆ ಅದಕ್ಕೂ ಮೊದಲೇ ಕರಡಾಗಿತ್ತು, ವಿರೋಧ ಬಂದು ಮೂಲೆ ಸೇರಿತ್ತು. 2017ರ ನವೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಪಾಸಾಯಿತು. ಮಾಡಿದ್ದು ಕಾಂಗ್ರೆಸ್ ಸರ್ಕಾರ, 2020ರ ಜನವರಿಯಲ್ಲಿ ಜಾರಿಗೆ ತಂದದ್ದು ಬಿಜೆಪಿ ಸರ್ಕಾರ. ಉದ್ದದ ಹೆಸರು: ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಮತ್ತು ನಿರ್ಮೂಲನ ಕಾಯ್ದೆ. ಒಂದರಿಂದ ಏಳು ವರ್ಷ ಜೈಲು, ಐದರಿಂದ ಐವತ್ತು ಸಾವಿರ ದಂಡ. ವಾಸ್ತು, ಜ್ಯೋತಿಷ್ಯ, ಪ್ರದಕ್ಷಿಣೆ, ಯಾತ್ರೆಗೆ ವಿನಾಯಿತಿ. ನಿಷೇಧದ ಪಟ್ಟಿಯಲ್ಲಿ ನಿಧಿಗಾಗಿ ಮಾಟ, ಬೆತ್ತಲೆ ಮೆರವಣಿಗೆ, ಬಾಯಿಗೆ ಸರಳು ಚುಚ್ಚುವುದರ ಜೊತೆಗೆ ಬೇರೆಯವರು ಉಂಡು ಬಿಟ್ಟ ಎಲೆಗಳ ಮೇಲೆ ಉರುಳಲು ಅನುಕೂಲ ಮಾಡಿಕೊಡುವುದೂ ಸೇರಿತು.

ಉರುಳುವವನಲ್ಲ, ಉರುಳಿಸುವವನು ತಪ್ಪಿತಸ್ಥ ಅನ್ನುವುದು ಇದರಲ್ಲಿ ಒಳ್ಳೆಯ ಅಂಶ. ಹರಕೆ ಹೊತ್ತ ಹೆಂಗಸನ್ನು ಪೊಲೀಸರು ಎಳೆದುಕೊಂಡು ಹೋಗುವ ಹಾಗಿಲ್ಲ. ಆದರೆ ಮಡೆಸ್ನಾನವನ್ನು ಮಾಟಮಂತ್ರದ ಪಟ್ಟಿಗೆ ಸೇರಿಸಿದ್ದರಿಂದ ಒಂದು ನಷ್ಟವಾಯಿತು. ಅದು ಜಾತಿಯ ಪ್ರಶ್ನೆಯಾಗಿತ್ತು, ಈಗ ವಿಜ್ಞಾನದ ಪ್ರಶ್ನೆಯಾಯಿತು. ಎಂಜಲಿನಿಂದ ಚರ್ಮರೋಗ ವಾಸಿಯಾಗುತ್ತದೆಯೇ, ಇಲ್ಲವೇ? ವಾಸಿಯಾಗುವುದಿಲ್ಲ, ಹಾಗಾಗಿ ಮೌಢ್ಯ, ಹಾಗಾಗಿ ನಿಷೇಧ. ಈ ದಾರಿಯಲ್ಲಿ ಹೋದರೆ ಪಂಕ್ತಿಭೇದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇರೆ ಕೂತು ಉಣ್ಣುವುದರಿಂದ ಯಾವ ರೋಗವೂ ಬರುವುದಿಲ್ಲವಲ್ಲ!

ಉಡುಪಿಯಲ್ಲಿ ಆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಕೃಷ್ಣ ಮಠದ ಆವರಣದಲ್ಲೂ ಸುಬ್ರಹ್ಮಣ್ಯನ ಗುಡಿ ಇದೆ, ಅಲ್ಲೂ ಷಷ್ಠಿಗೆ ಮಡೆಸ್ನಾನ ಇತ್ತು. 2016ರಲ್ಲಿ ಪೇಜಾವರ ಪರ್ಯಾಯದಲ್ಲಿ ಅದು ಎಡೆಸ್ನಾನವಾಯಿತು. 2018ರ ಡಿಸೆಂಬರ್‌ನಲ್ಲಿ ಪಲಿಮಾರು ಮಠದ ವಿದ್ಯಾಧೀಶ ತೀರ್ಥರ ಪರ್ಯಾಯದಲ್ಲಿ ಎರಡೂ ನಿಂತವು. ಕೋರ್ಟು ಹೇಳಿದ್ದಲ್ಲ, ಕಾನೂನು ಇನ್ನೂ ಜಾರಿಯಾಗಿರಲಿಲ್ಲ. ಸ್ವಾಮೀಜಿಯೊಬ್ಬರು ಬೇಡ ಅಂದರು, ನಿಂತಿತು. ಯಾರೂ ದೊಡ್ಡ ಗಲಾಟೆ ಮಾಡಲಿಲ್ಲ. ಒಳಗಿನವರು ಮನಸ್ಸು ಮಾಡಿದರೆ ಎಷ್ಟು ಸುಲಭ ಅನ್ನುವುದಕ್ಕೆ ಇದು ಸಾಕ್ಷಿ. ಮುಜರಾಯಿಯ ಕುಕ್ಕೆಯಲ್ಲಿ ಆಗದ್ದು ಖಾಸಗಿ ಮಠದಲ್ಲಿ ಆಯಿತು.

ಹಾಗಂತ ಉಡುಪಿಯಲ್ಲೂ ಪಂಕ್ತಿಯ ಪ್ರಶ್ನೆ ಮುಗಿದಿರಲಿಲ್ಲ. 2014ರಲ್ಲಿ ಬ್ರಾಹ್ಮಣೇತರ ಮಹಿಳೆಯೊಬ್ಬರನ್ನು ಊಟದ ಪಂಕ್ತಿಯಿಂದ ಎಬ್ಬಿಸಿದರು ಅನ್ನುವ ದೂರು ಅಲ್ಲಿಂದಲೇ ಬಂದಿತ್ತು. 2016ರ ಅಕ್ಟೋಬರ್‌ನ ಉಡುಪಿ ಚಲೋ ಜಾಥಾದಲ್ಲಿ ದಲಿತ ಸಂಘಟನೆಗಳು ಎತ್ತಿದ ಬೇಡಿಕೆಗಳಲ್ಲಿ ಪಂಕ್ತಿಭೇದ ನಿಲ್ಲಲಿ ಅನ್ನುವುದೂ ಒಂದು. ಮಡೆಸ್ನಾನಕ್ಕೆ ಸಿಕ್ಕಷ್ಟು ಪತ್ರಿಕೆಯ ಜಾಗ ಅದಕ್ಕೆ ಸಿಗಲಿಲ್ಲ.

ಅತ್ಯಗತ್ಯ ಆಚರಣೆಯ ಅಳತೆಗೋಲು ಸರಿಯೇ ಅನ್ನುವ ಪ್ರಶ್ನೆಯನ್ನು ಶಬರಿಮಲೆಯ ನೆಪದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಮುಂದೆ ಇಟ್ಟಿತು. ಕುಕ್ಕೆಗೆ ಆ ಪೀಠದ ತೀರ್ಪಿಗಾಗಿ ಕಾಯುವ ಅಗತ್ಯ ಇಲ್ಲ. ಮುಜರಾಯಿ ದೇವಸ್ಥಾನದಲ್ಲಿ ಯಾರು ಎಲ್ಲಿ ಕೂತು ಉಣ್ಣಬೇಕು ಅನ್ನುವುದು ಯಾವ ಆಗಮದ ವಿಷಯವೂ ಅಲ್ಲ, ಹರಕೆಯೂ ಅಲ್ಲ. ಹುಂಡಿ ದುಡ್ಡಿನಲ್ಲಿ, ಎಲ್ಲ ಜಾತಿಯವರು ಕೊಟ್ಟ ಅಕ್ಕಿಯಲ್ಲಿ ಬೇಯುವ ಅನ್ನ ಅದು. ಎಲ್ಲರಿಗೂ ಒಂದೇ ಊಟದ ಕೋಣೆ, ಬಂದವರು ಬಂದ ಸರದಿಯಲ್ಲಿ ಕೂರಬೇಕು ಅಂತ ಇಲಾಖೆ ಒಂದು ಸುತ್ತೋಲೆ ಹೊರಡಿಸಿದರೆ ಅದಕ್ಕೆ ವಿಧಾನಸಭೆಯ ಮತವೂ ಬೇಡ, ಮಲೆಕುಡಿಯರ ರಥಕ್ಕೂ ತೊಂದರೆ ಇಲ್ಲ.